ಕಾಡು ಬಾದಾಮಿಯ ಬೇಲಿ

22 ಡಿಸೆಂಬರ್ 2024, ಭಾನುವಾರ
ಕೇಪ್ ಟೌನ್

ಬೆಳಿಗ್ಗೆನೇ ಅಪ್ಪನ ಫೋನು. ಊರಲ್ಲಿ ದೊಡ್ಡಪ್ಪನ ಮನೆಯವರು ತೋಟದ ಗಡಿಗೆ ತೋಡಿದ ಅಗಳು ದಾಟಿ ನಮ್ಮ ಕಡೆ ಸಿಲ್ವರ್ ಓಕ್ ಸಸಿ ನೆಟ್ಟಿದ್ದಾರಂತೆ. "ಎರಡು ಮಾರು ಜಾಗ ಅಲ್ವಾ, ಬಿಡಿ ಅಪ್ಪ" ಅಂದೆ. "ಇವತ್ತು ಸಸಿ, ನಾಳೆ ಮರ, ಆಮೇಲೆ ಅದೇ ಗಡಿ ಅಂತಾರೆ. ನಿಂಗೆ ಗೊತ್ತಾಗಲ್ಲ ಕಣೇ" ಅಂತ ಫೋನಿಟ್ಟರು.

ತಲೆ ಕೆಟ್ಟು ಕರ್ಸ್ಟನ್‌ಬಾಷ್ ತೋಟಕ್ಕೆ ಹೋದೆ. ಹೋಗಿ ಹೋಗಿ ನಿಂತಿದ್ದು ಬೇಲಿ ಎದುರಿಗೇ! 1660ರಲ್ಲಿ ಇಲ್ಲಿನ ಡಚ್ ವಸಾಹತಿನ ಮುಖ್ಯಸ್ಥ ಯಾನ್ ವಾನ್ ರೀಬೆಕ್, ಖೋಯ್ ಜನ ಮತ್ತು ಅವರ ದನ ಒಳಗೆ ಬಾರದ ಹಾಗೆ ಗಡಿಗೆ ನೆಡಿಸಿದ ಕಾಡು ಬಾದಾಮಿ ಬೇಲಿ. ಈಗ ನೋಡಿದರೆ ಬೇಲಿ ಅನ್ನಿಸುವುದೇ ಇಲ್ಲ. ಕೊಂಬೆಗಳು ನೆಲಕ್ಕೆ ಒರಗಿ, ಮತ್ತೆ ಎದ್ದು, ಒಂದರೊಳಗೊಂದು ಹೆಣೆದುಕೊಂಡು ದೊಡ್ಡ ಪೊದೆಯಾಗಿವೆ. ಎಲೆಗಳು ಕಾಂಡದ ಸುತ್ತ ನಕ್ಷತ್ರದ ಹಾಗೆ, ಸಂದಿಯಲ್ಲಿ ಬಿಳಿ ಹೂಗೊಂಚಲು, ಘಮ್ಮೆನ್ನುವ ವಾಸನೆ. ಈ ಗಿಡ ಇಲ್ಲಿನ ಬೆಟ್ಟದ ಹೊಳೆ ಅಂಚಿನದು. ಕಾಯಿ ನೀರಲ್ಲಿ ತೇಲಿ ಹೋಗಿ ಎಲ್ಲಿ ದಡ ಸಿಕ್ಕಿತೋ ಅಲ್ಲಿ ಹುಟ್ಟಿಕೊಳ್ಳುತ್ತದೆ. ಅಂಥದ್ದನ್ನು ಸಾಲಾಗಿ ನಿಲ್ಲಿಸಿ ಗಡಿ ಕಾಯಲು ಹಚ್ಚಿದರು.

ಬೆಂಚಿನ ಮೇಲೆ ಒಬ್ಬರು ವಯಸ್ಸಾದವರು ಕೂತಿದ್ದರು. ತಮ್ಮ ಹಿರಿಯರು ಇಲ್ಲಿನ ಮೂಲನಿವಾಸಿ ಖೋಯ್ ಜನ, ದನ ಮೇಯಿಸುತ್ತಿದ್ದವರು ಅಂದರು. ಕಾಯಿ ತಿನ್ನಬಹುದಾ ಅಂತ ಕೇಳಿದೆ. ಹಸಿಯಾಗಿ ತಿಂದರೆ ವಿಷ, ಹಿಂದಿನವರು ನೀರಲ್ಲಿ ನೆನೆಹಾಕಿ, ಕಹಿ ತೆಗೆದು, ಹುರಿದು ತಿನ್ನುತ್ತಿದ್ದರಂತೆ. ಅದರಲ್ಲಿ ಕಾಫಿನೂ ಮಾಡುತ್ತಿದ್ದರಂತೆ. ನನಗೆ ಕೂಡಲೇ ಅಮ್ಮ ಕಳಲೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ನೆನೆಹಾಕುತ್ತಿದ್ದ ಪಾತ್ರೆ ನೆನಪಾಯಿತು. ಅದೂ ಇಂಥದೇ ವಿಷ ತೆಗೆಯಲು. ಹೇಳಿದೆ, ಬಿದಿರು ತಿಂತೀರಾ ಅಂತ ಜೋರಾಗಿ ನಕ್ಕರು.

ಆಮೇಲೆ ನಗು ನಿಲ್ಲಿಸಿ, "ನೀವೀಗ ನಿಂತಿರೋದು ಬೇಲಿಯ ಒಳಗೋ ಹೊರಗೋ?" ಅಂತ ಕೇಳಿದರು.

ನನಗೆ ಗೊತ್ತಾಗಲಿಲ್ಲ. ಆ ಕಡೆ ಈ ಕಡೆ ನೋಡಿದೆ.

"ನಮ್ಮವರಿಗೆ ಗೊತ್ತಿತ್ತು. ನಮ್ಮ ದನಗಳಿಗೂ ಗೊತ್ತಿತ್ತು" ಅಂದರು, ಕೋಲು ತಗೊಂಡು ಎದ್ದು ಹೋದರು.

ವಾನ್ ರೀಬೆಕ್ ಇದನ್ನು ನೆಡಿಸಿ ಎರಡೇ ವರ್ಷಕ್ಕೆ, 1662ರಲ್ಲಿ, ಕೇಪ್ ಬಿಟ್ಟು ಹೊರಟುಹೋದ. ಗಿಡ ಮಾತ್ರ ಇಲ್ಲೇ ಇದೆ. ಕಡಿದರೂ ಬುಡದಿಂದ ಚಿಗುರುವ ಜಾತಿ ಬೇರೆ.

ಊಟಕ್ಕೆ ಏನೂ ಮಾಡಲು ಮನಸ್ಸಾಗಲಿಲ್ಲ, ಮೊಸರನ್ನ.

ಸಂಜೆ ಸುಮ್ನೆ ಓದುತ್ತಾ ಕೂತವಳಿಗೆ ಸಿಕ್ಕಿದ್ದು ಇದು: ಕಾಡು ಬಾದಾಮಿ ನಿಜವಾದ ಬಾದಾಮಿಯ ನೆಂಟ ಅಲ್ಲವೇ ಅಲ್ಲ, ಪ್ರೋಟಿಯಾ ಕುಟುಂಬದ್ದು. ನಮ್ಮ ತೋಟದಲ್ಲಿ ಮೆಣಸು ಹಬ್ಬಿಸುವ ಸಿಲ್ವರ್ ಇದೆಯಲ್ಲ, ಆಸ್ಟ್ರೇಲಿಯಾದಿಂದ ಬಂದಿದ್ದು, ಅದೂ ಅದೇ ಕುಟುಂಬ! ನಗು ಬಂತು. ಆಮೇಲೆ ಅಪ್ಪ ಹೇಳಿದ್ದು ನೆನಪಾಗಿ ನಗು ನಿಂತುಹೋಯಿತು. ಸಸಿ ಕಿತ್ತು ಹಾಕಿ ಅನ್ನಲಾ, ಬಿಡಿ ಅನ್ನಲಾ? ಫೋನು ಕೈಗೆ ತಗೊಂಡೆ. ಅಲ್ಲಿ ಆಗಲೇ ರಾತ್ರಿ ಹನ್ನೊಂದೂವರೆ. ಅಪ್ಪ ಮಲಗಿರುತ್ತಾರೆ, ಅಥವಾ ಟಾರ್ಚ್ ಹಿಡಿದು ಅಗಳಿನ ಹತ್ತಿರ