ರಾಜಧಾನಿಯ ಆಚೆಯ ಫುಟ್‌ಬಾಲ್

ವಿಶ್ವಕಪ್ಪಿನ ವರ್ಷ ಬಂದರೆ ಬೆಳಗಾವಿಯಲ್ಲಿ ಅರ್ಜೆಂಟೀನಾದ ನೀಲಿ-ಬಿಳಿ ಅಂಗಿ ತೊಟ್ಟವರಿಗೆ ಕೊರತೆಯಿರುವುದಿಲ್ಲ. ಆದರೆ ಆ ದೇಶದ ರಾಷ್ಟ್ರೀಯ ತಂಡಕ್ಕಿಂತ ಅಲ್ಲಿನ ಎರಡನೇ ದರ್ಜೆಯ ಲೀಗಿನ ಚರಿತ್ರೆಯೇ ನಮ್ಮ ಭಾಗದವರಿಗೆ ಬೇಗ ಅರ್ಥವಾಗಬೇಕು. ರಾಜ್ಯದ ಸೂಪರ್ ಡಿವಿಷನ್ ಲೀಗ್ ಬಹುಮಟ್ಟಿಗೆ ಬೆಂಗಳೂರಿನ ಕ್ಲಬ್‌ಗಳದ್ದೇ ಆಗಿರುವುದನ್ನು ಐನೂರು ಕಿಲೋಮೀಟರ್ ದೂರದಿಂದ ನೋಡುತ್ತಿರುವ ನಮಗೆ, ರಾಜಧಾನಿಯ ಲೀಗೇ ದೇಶದ ಲೀಗ್ ಎಂದು ಕರೆಸಿಕೊಳ್ಳುವ ಪರಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅರ್ಜೆಂಟೀನಾದಲ್ಲಿ ಲೀಗ್ ಪಂದ್ಯಾವಳಿ ಆರಂಭವಾದದ್ದು 1891ರಲ್ಲಿ, ಎರಡನೇ ದರ್ಜೆ ಹುಟ್ಟಿದ್ದು 1899ರಲ್ಲಿ. 1931ರಲ್ಲಿ ವೃತ್ತಿಪರ ಲೀಗ್ ಕಟ್ಟಿದ 18 ಕ್ಲಬ್‌ಗಳಲ್ಲಿ ರಾಜಧಾನಿ ಬ್ಯೂನಸ್ ಐರಿಸ್, ಅದರ ಸುತ್ತಲಿನ ಪಟ್ಟಣಗಳು ಮತ್ತು ಹತ್ತಿರದ ಲಾ ಪ್ಲಾಟಾ ನಗರವನ್ನು ಬಿಟ್ಟು ಬೇರೆ ಊರಿನದು ಒಂದೂ ಇರಲಿಲ್ಲ. ರೊಸಾರಿಯೊ ನಗರದ ಎರಡು ದೊಡ್ಡ ಕ್ಲಬ್‌ಗಳಿಗೆ 1939ರಲ್ಲಿ ಪ್ರವೇಶ ದೊರೆಯಿತು. ಸಾಂತಾ ಫೆಯ ಯೂನಿಯನ್ ಮತ್ತು ಕೊಲೋನ್ ಕ್ಲಬ್‌ಗಳು 1940ರ ದಶಕದಲ್ಲಿ ಎರಡನೇ ದರ್ಜೆಯ ಮೂಲಕ ಒಳಬಂದವು. ಕೊರ್ದೊಬಾ, ತುಕುಮಾನ್, ಮೆಂಡೋಸಾದಂತಹ ಊರುಗಳು ತಂತಮ್ಮ ಪ್ರಾದೇಶಿಕ ಲೀಗುಗಳಲ್ಲೇ ಉಳಿದವು. ಅಲ್ಲಿ ಎಷ್ಟು ಬಾರಿ ಗೆದ್ದರೂ ಮೇಲೇರುವ ದಾರಿ ಇರಲಿಲ್ಲ.

1967ರಲ್ಲಿ 'ನಸಿಯೋನಾಲ್' ಎಂಬ ಪ್ರತ್ಯೇಕ ಪಂದ್ಯಾವಳಿ ಆರಂಭಿಸಿ, ವರ್ಷದ ಕೆಲವು ತಿಂಗಳ ಮಟ್ಟಿಗೆ ಪ್ರಾಂತ್ಯಗಳ ಕ್ಲಬ್‌ಗಳನ್ನೂ ದೊಡ್ಡವರೊಡನೆ ಆಡಿಸಲಾಯಿತು. ಅದು ಮುಗಿದೊಡನೆ ಅವು ತಮ್ಮ ಊರಿನ ಲೀಗಿಗೆ ಮರಳಬೇಕಿತ್ತು. ಈ ವ್ಯವಸ್ಥೆಯ ಅತ್ಯಂತ ಕಹಿಯಾದ ರಾತ್ರಿಯೆಂದರೆ 1978ರ ಜನವರಿಯಲ್ಲಿ ಕೊರ್ದೊಬಾದಲ್ಲಿ ನಡೆದ ಅಂತಿಮ ಪಂದ್ಯ. ರೈಲ್ವೆ ವರ್ಕ್‌ಶಾಪಿನ ಕಾರ್ಮಿಕರು 1913ರಲ್ಲಿ ಕಟ್ಟಿದ ತಾಯೆರೆಸ್ ಕ್ಲಬ್, ರಾಜಧಾನಿ ಕಡೆಯ ದೊಡ್ಡ ಕ್ಲಬ್ಬಾದ ಇಂಡಿಪೆಂಡಿಯೆಂಟೆಯೊಡನೆ ಮೊದಲ ಪಂದ್ಯವನ್ನು ಎದುರಾಳಿಯ ನೆಲದಲ್ಲಿ 1-1ರಿಂದ ಸಮ ಮಾಡಿಕೊಂಡು ಬಂದಿತ್ತು. ತನ್ನೂರಿನಲ್ಲಿ 2-1ರ ಮುನ್ನಡೆಯನ್ನೂ ಸಾಧಿಸಿತು. ಎದುರಾಳಿಯ ಮೂವರಿಗೆ ಕೆಂಪು ಕಾರ್ಡ್ ಬಿದ್ದು ಅವರು ಎಂಟೇ ಜನ ಉಳಿದಿದ್ದರು. ಅಷ್ಟಾದರೂ ಕೊನೆಯ ಹತ್ತು ನಿಮಿಷಗಳಲ್ಲಿ ಆ ತಂಡದ ಬೊಚಿನಿ ಗೋಲು ಹೊಡೆದು 2-2 ಮಾಡಿದರು. ಪರಊರಿನಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಕಪ್ ಇಂಡಿಪೆಂಡಿಯೆಂಟೆಯ ಪಾಲಾಯಿತು. ಮುಂದೆ ವಿಶೇಷ ನಿರ್ಣಯವೊಂದರ ಬಲದಿಂದ ತಾಯೆರೆಸ್ 1980ರಲ್ಲಿ ರಾಜಧಾನಿಯ ಲೀಗನ್ನು ಸೇರಿತಾದರೂ, ಅದು ಒಂದು ಕ್ಲಬ್ಬಿಗೆ ಸಿಕ್ಕ ಅನುಮತಿಯಾಗಿತ್ತೇ ಹೊರತು ಎಲ್ಲರೂ ನಡೆಯಬಹುದಾದ ದಾರಿಯಾಗಿರಲಿಲ್ಲ.

ಆ ದಾರಿ ತೆರೆದದ್ದು 1986ರಲ್ಲಿ. ರಾಜಧಾನಿಯ ಕ್ಲಬ್‌ಗಳನ್ನೂ ಪ್ರಾಂತ್ಯಗಳ ಕ್ಲಬ್‌ಗಳನ್ನೂ ಒಟ್ಟಿಗೆ ಸೇರಿಸಿ 22 ತಂಡಗಳ ಹೊಸ ಎರಡನೇ ದರ್ಜೆಯನ್ನು 'ಪ್ರಿಮೆರಾ ಬಿ ನಸಿಯೋನಾಲ್' ಎಂಬ ಹೆಸರಿನಲ್ಲಿ ಆರಂಭಿಸಲಾಯಿತು. ಅರ್ಜೆಂಟೀನಾದ ಫುಟ್‌ಬಾಲ್ ಆಡಳಿತ ಕೈಗೊಂಡ ನಿರ್ಧಾರಗಳಲ್ಲಿ ಇದಕ್ಕಿಂತ ನ್ಯಾಯವಾದದ್ದು ನನಗೆ ಕಾಣುವುದಿಲ್ಲ. ಮೊದಲ ವರ್ಷ ಬಡ್ತಿ ಪಡೆದವರಿಬ್ಬರೂ, ಅಂದರೆ ಆರ್ಮೇನಿಯನ್ ವಲಸಿಗ ಸಮುದಾಯದ ದೆಪೋರ್ತಿವೊ ಆರ್ಮೆನಿಯೊ ಮತ್ತು ಬಾನ್‌ಫೀಲ್ಡ್, ಬ್ಯೂನಸ್ ಐರಿಸ್ ಕಡೆಯವರೇ ಆಗಿದ್ದರೆಂಬುದು ಬೇರೆ ಮಾತು. ಮರುವರ್ಷ ಚಿತ್ರ ಬದಲಾಯಿತು. ಈಶಾನ್ಯದ ಕೊರಿಯೆಂಟೆಸ್ ನಗರದ ಮಂಡಿಯು ಎಂಬ ಹತ್ತಿ ಗಿರಣಿ ಕಾರ್ಮಿಕರ ಕ್ಲಬ್ ಚಾಂಪಿಯನ್ ಆಯಿತು. ಅದರ ಜೊತೆಗೆ ತುಕುಮಾನ್‌ನ ಸ್ಯಾನ್ ಮಾರ್ಟಿನ್ ಕೂಡ ಮೇಲೇರಿತು. ರಾಜಧಾನಿಯಿಂದ ಸಾವಿರ ಕಿಲೋಮೀಟರಿಗೂ ಆಚೆಯಿಂದ ಬಂದ ಈ ಸ್ಯಾನ್ ಮಾರ್ಟಿನ್, 1988ರ ನವೆಂಬರಿನಲ್ಲಿ ರಾಜಧಾನಿಯ ದೊಡ್ಡ ಕ್ಲಬ್ಬಾದ ಬೋಕಾ ಜೂನಿಯರ್ಸ್ ತಂಡವನ್ನು ಅದರ ಸ್ವಂತ ಮೈದಾನದಲ್ಲೇ 6-1ರಿಂದ ಸೋಲಿಸಿತು. ಮರಡೋನಾ ತರಬೇತುದಾರನಾಗಿ ಮೊದಲು ಕಾಲಿಟ್ಟದ್ದೂ 1994ರಲ್ಲಿ ಇದೇ ಮಂಡಿಯು ಕ್ಲಬ್ಬಿಗೆ.

ಮೇಲೇರುವ ದಾರಿ ಹೀಗೆ ನೇರವಾದರೂ ಕೆಳಗಿಳಿಸುವ ಲೆಕ್ಕ ಸೊಟ್ಟಗೇ ಉಳಿಯಿತು. ಆ ವರ್ಷದ ಅಂಕಗಳ ಬದಲು ಹಲವು ವರ್ಷಗಳ ಸರಾಸರಿ ನೋಡಿ ಹಿಂಬಡ್ತಿ ಕೊಡುವ 'ಪ್ರೊಮೆದಿಯೊ' ಪದ್ಧತಿ ಮರಳಿ ಬಂದದ್ದು 1983ರಲ್ಲಿ, ಎಂದರೆ ಸ್ಯಾನ್ ಲೊರೆಂಜೊದಂತಹ ದೊಡ್ಡ ಕ್ಲಬ್ 1981ರಲ್ಲಿ ಕೆಳಗಿಳಿದ ಆಘಾತ ಇನ್ನೂ ಹಸಿಯಾಗಿದ್ದಾಗ. ಒಂದು ಕೆಟ್ಟ ವರ್ಷ ದೊಡ್ಡವರನ್ನು ಮುಳುಗಿಸದಂತಾದದ್ದೇ ಅದರ ಫಲವಾಗಿತ್ತು. 1983ರಲ್ಲೇ ರಾಜಧಾನಿಯ ಮತ್ತೊಂದು ದೊಡ್ಡ ಕ್ಲಬ್ಬಾದ ರಿವರ್ ಪ್ಲೇಟ್ ಪಟ್ಟಿಯ ಕೊನೆಯಿಂದ ಎರಡನೆಯ ಸ್ಥಾನದಲ್ಲಿ ಮುಗಿಸಿಯೂ ಸರಾಸರಿಯ ಕೃಪೆಯಿಂದ ಪಾರಾಯಿತು. ಆದರೆ 2011ರಲ್ಲಿ ಅದೇ ಸರಾಸರಿ ರಿವರ್ ಅನ್ನು ಪ್ಲೇಆಫ್‌ಗೆ ತಳ್ಳಿತು. ಅಲ್ಲಿ ಎದುರಾದದ್ದು ಎರಡನೇ ದರ್ಜೆಯ ಬೆಲ್ಗ್ರಾನೊ, ಅದೂ ಕೊರ್ದೊಬಾದ್ದು! ಮೊದಲ ಪಂದ್ಯವನ್ನು 2-0ರಿಂದ ಗೆದ್ದ ಬೆಲ್ಗ್ರಾನೊ, ಜೂನ್ 26ರಂದು ರಿವರ್‌ನ ಕ್ರೀಡಾಂಗಣದಲ್ಲಿ 1-1ರಿಂದ ಸಮ ಮಾಡಿಕೊಂಡು ಅದನ್ನು ಇತಿಹಾಸದಲ್ಲೇ ಮೊದಲ ಬಾರಿಗೆ ಕೆಳಗಿಳಿಸಿತು. ಇದರಿಂದ ಪದ್ಧತಿ ನ್ಯಾಯವಾದದ್ದೆಂದು ಸಾಬೀತಾಗುವುದಿಲ್ಲ. 2022ರಲ್ಲಿ ಪರಾನಾ ನಗರದ ಪತ್ರೊನಾತೊ ಸರಾಸರಿಯ ಕಾರಣದಿಂದ ಹಿಂಬಡ್ತಿ ಪಡೆದ ಅದೇ ಋತುವಿನಲ್ಲಿ ಅರ್ಜೆಂಟೀನಾ ಕಪ್ ಗೆದ್ದು, ಮರುವರ್ಷ ಎರಡನೇ ದರ್ಜೆಯಲ್ಲಿದ್ದುಕೊಂಡೇ ಖಂಡದ ಅತಿದೊಡ್ಡ ಪಂದ್ಯಾವಳಿಯಾದ ಲಿಬರ್ತದೋರೆಸ್‌ನಲ್ಲಿ ಆಡಿತು.

ಕೆಳಗಿನ ದರ್ಜೆಗಳಲ್ಲಿ ಕ್ಲಬ್ ಎಂದರೆ ಬಹುತೇಕ ಒಂದು ಬಡಾವಣೆ. ಕೊಲ್ಹಾಪುರದಲ್ಲಿ ಪಾಟಾಕಡೀಲ್, ಖಂಡೋಬಾ, ದಿಲ್‌ಬಹಾರ್ ಮುಂತಾದ ತಾಲೀಮು ಮಂಡಳಗಳ ಹೆಸರಿನಲ್ಲಿ ಪೇಟೆ ಪೇಟೆಯೂ ಫುಟ್‌ಬಾಲ್ ಆಡುವುದನ್ನು ಕಂಡ ನಮ್ಮ ಕಡೆಯವರಿಗೆ ಆ ಹಟ ಹೊಸದಲ್ಲ. ಅರ್ಜೆಂಟೀನಾದಲ್ಲಿ ಕ್ಲಬ್ ಸದಸ್ಯರ ಒಡೆತನದ ಸಂಸ್ಥೆ. ಅದರ ಅಧ್ಯಕ್ಷರನ್ನೂ ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಆ ಹಟ ಹೊಡೆದಾಟಕ್ಕೂ ತಿರುಗಿದ್ದರಿಂದ 2007ರಲ್ಲಿ ಕೆಳದರ್ಜೆಗಳ ಪಂದ್ಯಗಳಿಗೆ ಪರಊರಿನ ಬೆಂಬಲಿಗರು ಬರುವುದನ್ನು ನಿಷೇಧಿಸಲಾಯಿತು. 2013ರಲ್ಲಿ ಆ ನಿಷೇಧ ಮೊದಲ ದರ್ಜೆಗೂ ಬಂತು.

1986ರ ಸುಧಾರಣೆ ಎರಡನೇ ದರ್ಜೆಯಲ್ಲೇ ನಿಂತಿತು. ಮೂರನೇ ದರ್ಜೆ ಇಂದಿಗೂ ಎರಡು ಹೋಳು: ರಾಜಧಾನಿ ಪ್ರದೇಶದ ಕ್ಲಬ್‌ಗಳಿಗೆ ಪ್ರಿಮೆರಾ ಬಿ, ಉಳಿದ ಇಡೀ ದೇಶಕ್ಕೆ 2014ರಲ್ಲಿ ರೂಪುಗೊಂಡ ಫೆಡರಲ್ ಎ. ಒಂದರ ತಂಡಗಳು ನಗರದ ಬಸ್ಸಿನಲ್ಲೇ ಹೋಗಿ ಪಂದ್ಯವಾಡಿ ಬರಬಹುದಾದರೆ, ಇನ್ನೊಂದರವನ್ನು ದೂರದ ಕಾರಣಕ್ಕೆ ವಲಯಗಳಾಗಿ ವಿಂಗಡಿಸಿಯೂ ರಾತ್ರಿಯಿಡೀ ಪ್ರಯಾಣ ಮಾಡುವುದು ತಪ್ಪುವುದಿಲ್ಲ.