ತಾಮ್ರದ ಲೆಕ್ಕಕ್ಕೆ ನಾನು ಹಾಕಿದ ತಪ್ಪು ರೈಟ್

ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಪರಮಾಣು ಸಂಖ್ಯೆ (ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟು), ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಸೇರಿ ಎಷ್ಟು), ಇವುಗಳ ಪಾಠಕ್ಕೆ ಬಹಳ ವರ್ಷದಿಂದ ಒಂದು ಶಾರ್ಟ್‌ಕಟ್ ಇಟ್ಟುಕೊಂಡಿದ್ದೆ. ಗೋಡೆಯ ಚಾರ್ಟಿನಲ್ಲಿ ಪ್ರತಿ ಧಾತುವಿಗೂ ಎರಡು ಸಂಖ್ಯೆ ಇರುತ್ತವಲ್ಲ, ದೊಡ್ಡದನ್ನು ಹತ್ತಿರದ ಪೂರ್ಣಸಂಖ್ಯೆ ಮಾಡಿ, ಚಿಕ್ಕದನ್ನು ಕಳೆಯಿರಿ, ನ್ಯೂಟ್ರಾನ್ ಸಿಕ್ಕಿತು. ಸೋಡಿಯಂ, 23ರಲ್ಲಿ 11 ಹೋದರೆ 12. ಅಲ್ಯೂಮಿನಿಯಂ, 27ರಲ್ಲಿ 13 ಹೋದರೆ 14. ಪರೀಕ್ಷೆಗೆ ಸಾಕಾಗುತ್ತಿತ್ತು.

ಒಮ್ಮೆ ಹೋಂವರ್ಕ್‌ಗೆ ಸುಮ್ನೆ ತಾಮ್ರ ಕೊಟ್ಟೆ. ಪರಮಾಣು ಸಂಖ್ಯೆ 29, ಚಾರ್ಟಿನಲ್ಲಿರುವ ಪರಮಾಣು ರಾಶಿ 63.5. ಒಬ್ಬಳು ಅದನ್ನು 64 ಮಾಡಿಕೊಂಡು 35 ನ್ಯೂಟ್ರಾನ್ ಅಂತ ಬರೆದಿದ್ದಳು. ರೈಟ್ ಹಾಕಿದೆ. ಪಕ್ಕದ ಬೆಂಚಿನವನು 63 ಹಿಡಿದು 34 ಬರೆದಿದ್ದ. ಇಂಟು ಹಾಕಿದೆ. ಇಬ್ಬರೂ ನೋಟ್‌ಬುಕ್ ಹಿಡಿದು ಬಂದರು.

"ಪಾಯಿಂಟ್ ಐದು ಬಿಟ್ಬಿಟ್ಟೆ ಸರ್. ಅರ್ಧ ನ್ಯೂಟ್ರಾನ್ ಇರುತ್ತಾ?"

"ಇರಲ್ಲ."

"ಮತ್ತೆ ಆ ಅರ್ಧ ಎಲ್ಲಿಂದ ಬಂತು?"

ನಾಳೆ ಹೇಳ್ತೀನಿ ಅಂದೆ. ಮೇಷ್ಟ್ರು ನಾಳೆ ಅಂದರೆ ಏನರ್ಥ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು.

ರಾತ್ರಿ ಕೂತು ನೋಡಿದರೆ ನಾಚಿಕೆಯಾಯಿತು. ಮನೆಯ ತಾಮ್ರದ ಚೊಂಬಿನಲ್ಲಿರುವುದು ಎರಡು ಬಗೆಯ ಪರಮಾಣು. ನೂರಕ್ಕೆ ಸುಮಾರು 69 ತಾಮ್ರ-63, ಅಂದರೆ ರಾಶಿ ಸಂಖ್ಯೆ 63 ಇರುವ ತಾಮ್ರ, ಉಳಿದ 31 ತಾಮ್ರ-65. ತಾಮ್ರ-64 ಅದರಲ್ಲಿ ಇಲ್ಲವೇ ಇಲ್ಲ. ಬೇಕಾದರೆ ಕೃತಕವಾಗಿ ತಯಾರಿಸಬಹುದು, ಆದರೆ ಹದಿಮೂರು ಗಂಟೆಯೊಳಗೆ ಅದರಲ್ಲಿ ಅರ್ಧ ಬೇರೆ ಧಾತುವಾಗಿಬಿಡುತ್ತದೆ. ನಾನು ರೈಟ್ ಹಾಕಿದ್ದು ಅದಕ್ಕೆ! ಬ್ರೋಮಿನ್ ಇನ್ನೂ ಕಿಲಾಡಿ. ಚಾರ್ಟಿನಲ್ಲಿ 79.9, ಕಣ್ಣುಮುಚ್ಚಿ 80 ಅಂದುಬಿಡುತ್ತೇವೆ. ಪ್ರಕೃತಿಯಲ್ಲಿರುವುದು 79 ಮತ್ತು 81, ಹೆಚ್ಚುಕಮ್ಮಿ ಅರ್ಧರ್ಧ.

ಮಾರನೇ ದಿನ ಕ್ಲೋರಿನ್ ತೆಗೆದುಕೊಂಡೆ, ಅದರ ಲೆಕ್ಕ ಸುಲಭ. ನಾಲ್ಕು ಮಕ್ಕಳನ್ನು ಮುಂದೆ ನಿಲ್ಲಿಸಿ ಕೈಗೆ ಒಂದೊಂದು ಚೀಟಿ ಕೊಟ್ಟೆ. ಮೂರರಲ್ಲಿ '17 ಪ್ರೋಟಾನ್, 18 ನ್ಯೂಟ್ರಾನ್'. ನಾಲ್ಕನೆಯದರಲ್ಲಿ '17 ಪ್ರೋಟಾನ್, 20 ನ್ಯೂಟ್ರಾನ್'. ಅದನ್ನು ಹಿಡಿದವನು ನಮ್ಮ 34ರ ಹುಡುಗ. ರಾಶಿ ಸಂಖ್ಯೆ ಕೂಗಿ ಅಂದೆ. 35, 35, 35, 37. ಒಟ್ಟು 142. ನಾಲ್ಕರಿಂದ ಭಾಗಿಸಿದರೆ 35.5, ಚಾರ್ಟಿನಲ್ಲಿರುವುದೇ! "ನಿಮ್ಮಲ್ಲಿ 35.5 ಯಾರು?" ಅಂದೆ. ನಾಲ್ವರೂ ಮುಖಮುಖ ನೋಡಿಕೊಂಡು ನಕ್ಕರು.

"ಪ್ರೋಟಾನ್ ಒಂದು ಜಾಸ್ತಿ ಮಾಡಿದ್ರೆ ಸರ್?" ಅಂತ ಹಿಂದಿನಿಂದ ಪ್ರಶ್ನೆ. ಆಗ ಅದು ಕ್ಲೋರಿನ್ನೇ ಅಲ್ಲ, ಆರ್ಗಾನ್. ನ್ಯೂಟ್ರಾನ್ ಎಷ್ಟೇ ಇರಲಿ, ಹೆಸರು ಪ್ರೋಟಾನ್‌ನದು. ಈ ಒಂದು ಮಾತಿಗೆ ಹಿಂದೆಲ್ಲ ನಾನು ಎರಡು ಪೀರಿಯಡ್ ಹಿಡಿಯುತ್ತಿದ್ದೆ.

ಆ ರೈಟ್ ಹೊಡೆದುಹಾಕಿದೆ. ಇಂಟುವನ್ನೂ ತೆಗೆದೆ, ಆದರೆ ಅವನಿಗೂ ಪೂರ್ತಿ ಮಾರ್ಕ್ಸ್ ಕೊಡಲಿಲ್ಲ. ತಾಮ್ರ-65 ಅವನಿಗೂ ಗೊತ್ತಿರಲಿಲ್ಲ, ಅಲ್ವಾ? ತಪ್ಪು ಇದ್ದದ್ದು ನನ್ನ ಪ್ರಶ್ನೆಯಲ್ಲಿ. ಈಗ 'ತಾಮ್ರ-65ರಲ್ಲಿ ನ್ಯೂಟ್ರಾನ್ ಎಷ್ಟು?' ಅಂತ ಬಿಡಿಸಿ ಕೇಳುತ್ತೇನೆ. ಚಾರ್ಟಿನ ಕೆಳಗೆ 'ದಶಮಾಂಶ ಇರುವುದು ಸರಾಸರಿ' ಅಂತ ಒಂದು ಚೀಟಿಯೂ ಇದೆ. ಬರೆದವನು ಅದೇ ಹುಡುಗ.