ಮೂರನೇ ದಿನ ಅಂದ್ರೆ ಯಾವ ದಿನ?

ಆಪರೇಷನ್ ಆದವರ ರಕ್ತದಲ್ಲಿ ಸೋಂಕಿನ ಸುಳಿವು ಎಷ್ಟು ಬೇಗ ಸಿಗುತ್ತದೆ? ಅದನ್ನು ಹುಡುಕುವುದು ನಮ್ಮ ತಂಡದ ಕೆಲಸ. ಮಂಗಳೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಿಂದ ಟ್ಯೂಬುಗಳು ಬರುತ್ತವೆ. ನಾನು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು ಬೇರೆ ಮಾಡಿ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡುತ್ತೇನೆ.

ಕಷ್ಟ ಏನೆಂದರೆ, ಬ್ಯಾಕ್ಟೀರಿಯಾ ಬರಲಿ ಬಿಡಲಿ, ಬ್ಲೇಡ್ ತಾಗಿದ ಕೂಡಲೇ ದೇಹ ಜಗಳಕ್ಕೆ ನಿಲ್ಲುತ್ತದೆ. ಗಾಯವಾದ ಜಾಗದಿಂದ ಐಎಲ್-6 ಎಂಬ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರುತ್ತದೆ. ಅದು ಲಿವರ್‌ಗೆ ತಲುಪಿದರೆ ಅಲ್ಲಿ ಸಿಆರ್‌ಪಿ ಎಂಬ ಇನ್ನೊಂದು ಪ್ರೋಟೀನ್ ತಯಾರಾಗಲು ಶುರು. 48ರಿಂದ 72 ಗಂಟೆಯ ಹೊತ್ತಿಗೆ ಸಿಆರ್‌ಪಿ ಏರಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಹೊಸದಾಗಿ ತಯಾರಾಗುವುದು ನಿಂತರೆ ಸುಮಾರು 19 ಗಂಟೆಯಲ್ಲಿ ಅರ್ಧಕ್ಕೆ ಬರುತ್ತದೆ. ಹಾಗಾಗಿ ಹೊಟ್ಟೆಯ ದೊಡ್ಡ ಆಪರೇಷನ್ ಆದವರಲ್ಲಿ 48 ಗಂಟೆಗೆ ಲೀಟರಿಗೆ 150 ಮಿಲಿಗ್ರಾಂ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಅದೇ 150 ಐದು ದಿನ ಕಳೆದರೂ ಇಳಿಯದಿದ್ದರೆ, ಒಳಗೆ ಕೀವು ಕಟ್ಟಿದೆಯಾ, ಕರುಳಿನ ಹೊಲಿಗೆ ಬಿಟ್ಟಿದೆಯಾ ಎಂದು ಡಾಕ್ಟರ್ ಹುಡುಕಬೇಕಾಗುತ್ತದೆ.

ಕಳೆದ ಮಳೆಗಾಲದಲ್ಲಿ ಸಿಆರ್‌ಪಿಯ ಮೊದಲ ಗ್ರಾಫ್ ಹಾಕಿದೆ. ಒಂದು ಗುಡ್ಡ ಇರಬೇಕಾದಲ್ಲಿ ಎರಡು ಗುಡ್ಡ! ಕಿಟ್ ಹಾಳಾಗಿದೆ ಅಂದುಕೊಂಡೆ. ಸಕ್ಕರೆ ಕಾಯಿಲೆ ಇರುವವರನ್ನು ಬೇರೆ ಮಾಡಿ ನೋಡಿದೆ. ಒಂದು ವಾರ ಕೂತು ಎಲ್ಲ ಸ್ಯಾಂಪಲ್ ಮತ್ತೆ ಓಡಿಸಿದೆ. ಅವೇ ಸಂಖ್ಯೆಗಳು ಬಂದವು.

ಉತ್ತರ ಸಿಕ್ಕಿದ್ದು ವಾರ್ಡಿನಲ್ಲಿ. ಸಿಸ್ಟರ್ ಟ್ಯೂಬಿನ ಮೇಲೆ ‘ದಿನ 3’ ಎಂದು ಬರೆಯುತ್ತಿದ್ದರು.

“ಸಿಸ್ಟರ್, ಇವರ ಆಪರೇಷನ್ ಸೋಮವಾರ ಅಲ್ವಾ? ಇವತ್ತು ಬುಧವಾರ.”

“ಹೌದು ಮೇಡಂ. ಸೋಮ, ಮಂಗಳ, ಬುಧ,” ಎಂದು ಬೆರಳು ಮಡಚಿದರು. “ಮೂರಾಯ್ತಲ್ಲ?”

ಆಯಿತು. ನಮ್ಮ ಮನೆಯಲ್ಲೂ ಹೆರಿಗೆಯಾದ ದಿನವನ್ನು ಸೇರಿಸಿಯೇ ತೊಟ್ಟಿಲು ಹಾಕುವ ದಿನ ಲೆಕ್ಕ ಹಾಕುವುದು. ನನ್ನ ಪ್ರೋಟೋಕಾಲಿನಲ್ಲಿ ಮಾತ್ರ ಆಪರೇಷನ್ ದಿನ ಸೊನ್ನೆ. ಆ ಪುಟವನ್ನು ನಾನು ವಾರ್ಡಿಗೆ ಕೊಟ್ಟೇ ಇರಲಿಲ್ಲ. ಕೆಲವರು ಸೊನ್ನೆಯಿಂದ ಎಣಿಸಿದ್ದರು, ಕೆಲವರು ಒಂದರಿಂದ. ಅದಕ್ಕೇ ಎರಡು ಗುಡ್ಡ. ಸಿಸ್ಟರ್ ಲೆಕ್ಕವನ್ನು ತಪ್ಪು ಎನ್ನಲೂ ಆಗುವುದಿಲ್ಲ. ಆಪರೇಷನ್ ಗಾಯದ ಸೋಂಕಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 30 ದಿನ, ಕೆಲವು ಆಪರೇಷನ್‌ಗಳಿಗೆ 90 ದಿನ ನಿಗಾ ಇಡಲು ಹೇಳುತ್ತದೆ. ಅಲ್ಲಿ ಆಪರೇಷನ್ ದಿನವೇ ಮೊದಲ ದಿನ.

ಕೇಸ್ ಶೀಟ್, ಆಪರೇಷನ್ ಥಿಯೇಟರಿನ ರಿಜಿಸ್ಟರ್ ಮುಂದಿಟ್ಟುಕೊಂಡು ಒಂದೊಂದೇ ಟ್ಯೂಬಿನ ಗಂಟೆ ಹುಡುಕಿದೆವು. ಹೆಚ್ಚಿನವು ಸಿಕ್ಕಿದವು. ಕೆಲವು ಸಿಗಲೇ ಇಲ್ಲ. ಅವುಗಳಲ್ಲಿ ಬಂಟ್ವಾಳ ಕಡೆಯ ಒಬ್ಬ ಅಜ್ಜಿಯ ಎರಡು ಟ್ಯೂಬು ಇದ್ದವು. ಅವರಿಗೆ ತುಳುವಿನಲ್ಲಿ ಎಲ್ಲ ವಿವರಿಸಿ ಒಪ್ಪಿಗೆ ಪಡೆದದ್ದು ನಾನೇ. ಚುಚ್ಚಿ ಚುಚ್ಚಿ ಎಡಗೈ ನೀಲಿಗಟ್ಟಿತ್ತು. ಬಲಗೈಯ ತೋಳು ಮೇಲೆ ಸರಿಸುತ್ತಾ, “ತೆಗಿ ಮಗಾ, ನನಗಲ್ಲದಿದ್ದರೆ ಇನ್ನೊಬ್ಬರಿಗೆ ಆಗುತ್ತದೆ” ಎಂದಿದ್ದರು. ಆ ಎರಡನ್ನೂ ಲೆಕ್ಕದಿಂದ ಬಿಡಬೇಕಾಯಿತು. ಇದು ನನಗೆ ಇವತ್ತಿಗೂ ತುಂಬಾ ನೋವು ಕೊಡುತ್ತದೆ.

ಈಗ ನಮ್ಮ ಲೇಬಲ್ಲಿನಲ್ಲಿ ‘ದಿನ’ ಎಂಬ ಪದವೇ ಇಲ್ಲ. ಆಪರೇಷನ್ ಮುಗಿದ ತಾರೀಕು, ಗಂಟೆ. ರಕ್ತ ತೆಗೆದ ತಾರೀಕು, ಗಂಟೆ. ಅಷ್ಟೇ. ಕಳೆಯುವ ಲೆಕ್ಕ ಕಂಪ್ಯೂಟರ್ ಮಾಡುತ್ತದೆ. ಲೇಬಲ್ಲಿನ ಕರಡನ್ನು ಮೊದಲು ಅದೇ ಸಿಸ್ಟರ್ ಕೈಗೆ ಕೊಟ್ಟೆ. ಅವರು ನೋಡಿ ಎರಡು ಮಾತು ಹೇಳಿದರು. ರಾತ್ರಿ ಪಾಳಿಯಲ್ಲಿ ಎಎಂ, ಪಿಎಂ ಗೊಂದಲ ಆಗುತ್ತದೆ, 24 ಗಂಟೆ ಲೆಕ್ಕ ಇಡಿ. ಇನ್ನೊಂದು, ಜೂನ್, ಜುಲೈಯ ಥಂಡಿಗೆ ಟ್ಯೂಬ್ ಬೆವರುತ್ತದೆ, ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಕೊಡಿ.

ಮರುದಿನವೇ ಒಂದು ಡಬ್ಬ ಪೆನ್ಸಿಲ್ ತಗೊಂಡು ಹೋಗಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಇಟ್ಟು ಬಂದೆ.